ಮನೆಯೊಳಗಿನ ಉಗುರುದೀಪ: ಒಂದು ವಿವೇಚನೆ

ಐದು ಬೆರಳುಗಳನ್ನು ಒಳಗಿರಿಸುವಷ್ಟೇ ಅವಕಾಶವುಳ್ಳ, ಕಮಾನಿನಾಕಾರದ ಚಿಕ್ಕದೊಂದು ಪೆಟ್ಟಿಗೆ. ಅದರ ಒಳಮೈಯಲ್ಲಿ ನೇರಳೆ ಛಾಯೆಯ ಬೆಳಕನ್ನು ಸೂಸುವ ಪುಟ್ಟ ಪುಟ್ಟ ದೀಪಗಳು. ಜೊತೆಗೆ ತಳಲೇಪ, ಬಣ್ಣ, ಮೇಲುಲೇಪಗಳ ಸೀಸೆಗಳು, ಉಗುರು ಉಜ್ಜುವ ಅರ, ಒಂದು ಕೈಪಿಡಿ. ಇಷ್ಟನ್ನು ಒಂದೇ ಡಬ್ಬಿಯಲ್ಲಿರಿಸಿ 'ಮನೆಯಲ್ಲೇ ಜೆಲ್ ಮ್ಯಾನಿಕ್ಯೂರ್' ಎಂಬ ಹೆಸರಿನಿಂದ ಇಂದು ಲೋಕದೆಲ್ಲೆಡೆ ಮಾರಲಾಗುತ್ತಿದೆ. ಎರಡು ವಾರ ಕಳೆದರೂ ಮಾಸದ ಹೊಳಪು, ಪಾರ್ಲರಿಗೆ ತೆರಬೇಕಾದ ಹಣದ ಉಳಿತಾಯ, ಕ್ಷಣಮಾತ್ರದಲ್ಲಿ ಗಟ್ಟಿಯಾಗುವ ಬಣ್ಣ ಇವು ಅದು ನೀಡುವ ಆಶ್ವಾಸನೆಗಳು. ಒಂದು ಕೃತಿಯನ್ನು ವಿಮರ್ಶಿಸುವಾಗ ಅದು ಏನು ಹೇಳುತ್ತದೆ, ಹೇಳಿದ್ದನ್ನು ನಡೆಸಿಕೊಡುತ್ತದೆಯೇ, ಹೇಳದೆ ಬಿಟ್ಟದ್ದು ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ವಾಡಿಕೆ. ಈ ಡಬ್ಬಿಗೂ ಅವೇ ಪ್ರಶ್ನೆಗಳನ್ನು ಕೇಳಬಹುದೆಂದು ನನ್ನ ನಂಬಿಕೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಲಂಕಾರವನ್ನು ಖಂಡಿಸುವುದು ಈ ಬರಹದ ಉದ್ದೇಶವಲ್ಲ. ಗೋರಂಟಿಯ ಎಲೆಯನ್ನು ಅರೆದು, ರಾತ್ರಿಯಿಡೀ ಬೆರಳ ತುದಿಗೆ ಕಟ್ಟಿಕೊಂಡು, ಬೆಳಗಾಗುತ್ತಲೇ ಕೆಂಪನ್ನು ಹೋಲಿಸಿ ನೋಡುತ್ತಿದ್ದ ಅಕ್ಕತಂಗಿಯರ ಸಂಭ್ರಮವನ್ನು ಬಲ್ಲವರಾರೂ ಉಗುರಿನ ಬಣ್ಣವನ್ನು ಹೀಗಳೆಯಲಾರರು. ಇಲ್ಲಿ ಚರ್ಚಿಸಬೇಕಾಗಿರುವುದು ಬೇರೊಂದು ವಿಷಯ. ತರಬೇತಿಯನ್ನು ಬೇಡುವ ರಾಸಾಯನಿಕ ಕ್ರಿಯೆಯೊಂದನ್ನು, ಆ ತರಬೇತಿಯನ್ನು ಕೊಡದೆಯೇ, ಆಟಿಕೆಯಂತೆ ಮನೆಮನೆಗೆ ತಲುಪಿಸುವಾಗ ಅದರ ಹೊಣೆ ಯಾರದು?

ಸಾಧಾರಣ ಉಗುರುಬಣ್ಣವು ಅದರಲ್ಲಿರುವ ದ್ರಾವಕ ಆವಿಯಾದಂತೆ ಒಣಗುತ್ತದೆ. ಜೆಲ್ ಒಣಗುವ ವಸ್ತುವಲ್ಲ. ಅದರಲ್ಲಿ ಅಕ್ರಿಲೇಟ್, ಮೆಥಾಕ್ರಿಲೇಟ್ ಎಂಬ ರಾಸಾಯನಿಕಗಳ ಬಿಡಿ ಅಣುಗಳೂ ಚಿಕ್ಕ ಸರಪಣಿಗಳೂ ಇರುತ್ತವೆ. ಬೆಳಕು ಬಿದ್ದೊಡನೆ ಎಚ್ಚೆತ್ತುಕೊಳ್ಳುವ ಪ್ರಚೋದಕ ದ್ರವ್ಯವೊಂದನ್ನು ಅವುಗಳೊಂದಿಗೆ ಬೆರೆಸಿರುತ್ತಾರೆ. ಸುಮಾರು 365ರಿಂದ 405 ನ್ಯಾನೋಮೀಟರ್ ತರಂಗಾಂತರದ ಬೆಳಕು ತಾಗಿದಾಗ ಆ ಪ್ರಚೋದಕವು ಒಡೆದು, ಬಿಡಿ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ದ್ರವವು ಗಟ್ಟಿಯಾದ ಪೊರೆಯಾಗುತ್ತದೆ. ಈ ವಿದ್ಯೆ ಸೌಂದರ್ಯೋದ್ಯಮದಲ್ಲಿ ಹುಟ್ಟಿದ್ದಲ್ಲ. ಹುಳುಕು ಹಲ್ಲನ್ನು ತುಂಬುವ ರಾಳವನ್ನು ಅತಿನೇರಳೆ ಬೆಳಕಿನಿಂದ ಗಟ್ಟಿಗೊಳಿಸುವ ಪದ್ಧತಿ ದಂತವೈದ್ಯರಲ್ಲಿ 1970ರ ದಶಕದಲ್ಲೇ ಬಳಕೆಗೆ ಬಂದಿತ್ತು. ಅದೇ ಬಗೆಯ ರಸಾಯನವು ಮುಂದೆ ಪಾರ್ಲರಿಗೆ, ಅಲ್ಲಿಂದ ಮಲಗುವ ಕೋಣೆಯ ಕನ್ನಡಿಯ ಮುಂದಕ್ಕೆ ಬಂದಿದೆ. ಈ ನಂಟನ್ನು ಓದುಗರು ನೆನಪಿನಲ್ಲಿಡಬೇಕು. ಅದು ಮುಂದೆ ಮತ್ತೆ ಎದುರಾಗುತ್ತದೆ.

ಕೈಪಿಡಿಯ ಭಾಷೆಯ ಮೊದಲ ದೋಷ ಇಲ್ಲಿಯೇ ಇದೆ. ಅದು 'ಅರವತ್ತು ಸೆಕೆಂಡಿನಲ್ಲಿ ಒಣಗುತ್ತದೆ' ಎನ್ನುತ್ತದೆ. ಒಣಗಿದ್ದನ್ನು ಕಣ್ಣು, ಬೆರಳು ತಿಳಿಯಬಲ್ಲವು. ಅಣುಗಳು ಪೂರ್ಣವಾಗಿ ಹೆಣೆದುಕೊಂಡಿವೆಯೇ ಎಂಬುದನ್ನು ತಿಳಿಯಲಾರವು. ಲೇಪವನ್ನು ದಪ್ಪವಾಗಿ ಹಚ್ಚಿದರೆ, ಅಥವಾ ಬಣ್ಣ ಕಪ್ಪು, ಕಡುನೀಲಿಯಂತಹ ಗಾಢವರ್ಣವಾಗಿದ್ದರೆ, ಬೆಳಕು ಆಳಕ್ಕೆ ಇಳಿಯುವುದಿಲ್ಲ. ಮೇಲುಭಾಗ ಕಲ್ಲಿನಂತೆ ಗಟ್ಟಿಯಾಗಿ ಹೊಳೆಯುತ್ತಿದ್ದರೂ ಉಗುರಿಗೆ ಅಂಟಿದ ಭಾಗದಲ್ಲಿ ಬಿಡಿ ಅಣುಗಳು ಉಳಿದಿರುತ್ತವೆ. ಒಂದು ಕಂಪನಿಯ ಜೆಲ್ಲಿಗೆ ಇನ್ನೊಂದು ಕಂಪನಿಯ ದೀಪವನ್ನು ಬಳಸಿದರೂ ಇದೇ ಗತಿಯಾಗಬಹುದು. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವ್ಯಾಟ್ ಸಂಖ್ಯೆಯು ಉಗುರಿಗೆ ತಲುಪುವ ಬೆಳಕು ಎಷ್ಟು, ಯಾವ ತರಂಗಾಂತರದ್ದು ಎಂಬುದನ್ನು ಹೇಳುವುದಿಲ್ಲ. ಹೆಬ್ಬೆರಳು ಓರೆಯಾಗಿ ಕೂರುವುದರಿಂದ ಅದರ ಒಂದು ಪಕ್ಕ ನೆರಳಿನಲ್ಲೇ ಉಳಿಯುವುದುಂಟು. ಇನ್ನು, ಚೆನ್ನಾಗಿ ಗಟ್ಟಿಯಾದ ಜೆಲ್ಲಿನ ಮೇಲೂ ಗಾಳಿಯ ಆಮ್ಲಜನಕದ ತಡೆಯಿಂದಾಗಿ ಅಂಟಂಟಾದ ತೆಳುಪದರವೊಂದು ಉಳಿಯುತ್ತದೆ. ಅದು ಪೂರ್ತಿ ಗಟ್ಟಿಯಾಗದ ರಾಸಾಯನಿಕವೇ. ಅದನ್ನು ಒರೆಸುವ ಹತ್ತಿಯ ತುಂಡು ಹಿಡಿದ ಬರಿಗೈಗೆ, ಉಗುರಿನ ಅಂಚಿನ ಚರ್ಮಕ್ಕೆ, ಅಲ್ಲಿಂದ ಅರಿವಿಲ್ಲದೆ ಕಣ್ಣಿನ ರೆಪ್ಪೆಗೆ ಅದು ತಗಲುತ್ತದೆ.

ಇದರ ಫಲವೇನೆಂಬುದನ್ನು ನಮ್ಮ ಮನೆಯಲ್ಲೇ ಕಂಡದ್ದರಿಂದ ಹೇಳುತ್ತಿದ್ದೇನೆ. ನನ್ನ ಅಕ್ಕನ ಮಗಳು ಲಂಡನ್ನಿನಲ್ಲಿ ಉದ್ಯೋಗದಲ್ಲಿದ್ದಾಳೆ. 2021ರ ಆರಂಭದ ತಿಂಗಳುಗಳಲ್ಲಿ ಸಾಂಕ್ರಾಮಿಕದ ನಿರ್ಬಂಧದಿಂದಾಗಿ ಅಲ್ಲಿಯ ಪಾರ್ಲರುಗಳು ಮುಚ್ಚಿದ್ದಾಗ, ಅಂತರ್ಜಾಲದಲ್ಲಿ ಇಂತಹದೊಂದು ಡಬ್ಬಿಯನ್ನು ತರಿಸಿಕೊಂಡಳು. ಒಂದು ವರ್ಷದವರೆಗೆ ಏನೂ ಆಗಲಿಲ್ಲ. ಅನಂತರ ಬೆರಳ ತುದಿಗಳು ತುರಿಸಿ, ಬಿರಿದು, ಉಗುರು ತಳದಿಂದ ಮೇಲೇಳತೊಡಗಿತು. ಕಣ್ಣಿನ ರೆಪ್ಪೆಗಳು ಊದಿಕೊಂಡವು. ಚರ್ಮವೈದ್ಯರು ಬೆನ್ನಿಗೆ ಪಟ್ಟಿಗಳನ್ನು ಅಂಟಿಸಿ, ಎರಡನೆಯ ಹಾಗೂ ನಾಲ್ಕನೆಯ ದಿನ ಪರೀಕ್ಷಿಸಿ, ಮೆಥಾಕ್ರಿಲೇಟ್ ಒಗ್ಗುವುದಿಲ್ಲವೆಂದು ನಿರ್ಣಯಿಸಿದರು. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುವುದೆಂದೂ, ಮುಂದೆ ಹಲ್ಲು ತುಂಬಿಸಿಕೊಳ್ಳುವಾಗ, ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯ ಪ್ರಸಂಗ ಬಂದಾಗ ವೈದ್ಯರಿಗೆ ತಪ್ಪದೆ ತಿಳಿಸಬೇಕೆಂದೂ ಹೇಳಿದರು. ಹಲ್ಲಿನ ರಾಳವೂ ಮೂಳೆಗೆ ಬಳಸುವ ಸಿಮೆಂಟೂ ಇದೇ ಕುಲದ ವಸ್ತುಗಳು. ದಂತವೈದ್ಯರ ಕುರ್ಚಿಯಿಂದ ಕನ್ನಡಿಯ ಮುಂದಕ್ಕೆ ಬಂದ ರಸಾಯನವು ಆಕೆಯನ್ನು ಮರಳಿ ಆ ಕುರ್ಚಿಯಲ್ಲಿ ನಿಶ್ಚಿಂತೆಯಿಂದ ಕೂರದಂತೆ ಮಾಡಿತು.

ಸೀಸೆಯ ಮೇಲೆ ಎಚ್ಚರಿಕೆ ಇರಲಿಲ್ಲವೇ ಎಂದು ಫೋನಿನಲ್ಲಿ ಕೇಳಿದಾಗ ಆಕೆ ಹೇಳಿದ ಮಾತು ಇದು: "ಇತ್ತು ಚಿಕ್ಕಮ್ಮ, ವೃತ್ತಿಪರರಿಗೆ ಮಾತ್ರ ಅಂತ ಬರೆದಿತ್ತು. ನಾನು ಓದಿದೆ ಕೂಡ. ಆದರೆ ನನಗೇ ಮಾರಿದ ಮೇಲೆ ಅದು ನನಗೆ ಹೇಳಿದ ಮಾತು ಅಂತ ಅನ್ನಿಸಲೇ ಇಲ್ಲ."

ಈ ಉತ್ತರದಲ್ಲಿ ಇಡೀ ಸಮಸ್ಯೆ ಅಡಗಿದೆ. ಬ್ರಿಟನ್ನಿನ ಚರ್ಮವೈದ್ಯರ ಸಂಘವು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲೂ ಐರ್ಲೆಂಡಿನಲ್ಲೂ ಚರ್ಮಚಿಕಿತ್ಸಾಲಯಗಳಲ್ಲಿ ಪರೀಕ್ಷೆಗೊಳಗಾದವರ ಪೈಕಿ ಶೇ. 2.4ರಷ್ಟು ಮಂದಿಗೆ ಈ ವರ್ಗದ ಯಾವುದಾದರೊಂದು ರಾಸಾಯನಿಕದ ಅಲರ್ಜಿಯಿತ್ತು. ಇದು ಚಿಕಿತ್ಸೆಗೆ ಬಂದವರ ಲೆಕ್ಕವೇ ಹೊರತು ಇಡೀ ಜನತೆಯದಲ್ಲ ಎಂಬುದನ್ನು ಗಮನಿಸಬೇಕು. ಐರೋಪ್ಯ ಒಕ್ಕೂಟವು 2020ರಲ್ಲಿ ನಿಯಮ ರೂಪಿಸಿ, 'ಹೆಮಾ' ಎಂಬ ಸಂಕ್ಷಿಪ್ತನಾಮದ ಮೆಥಾಕ್ರಿಲೇಟ್ ಇರುವ ಉಗುರುಲೇಪಗಳನ್ನು ವೃತ್ತಿಪರರ ಬಳಕೆಗೆ ಸೀಮಿತಗೊಳಿಸಿತು. ಅಲರ್ಜಿಯ ಎಚ್ಚರಿಕೆಯನ್ನು ಅಚ್ಚುಹಾಕುವುದನ್ನು ಕಡ್ಡಾಯಗೊಳಿಸಿತು. 2021ರಿಂದ ಅದು ಜಾರಿಯಲ್ಲಿದೆ. ಕಾನೂನು ತನ್ನ ಕರ್ತವ್ಯವನ್ನು ಮಾಡಿದೆ. ಆದರೆ 'ನಿನಗಲ್ಲ' ಎಂದು ಬರೆದ ಸೀಸೆಯನ್ನು, ಕೊಳ್ಳುವವರು ಯಾರೆಂದು ವಿಚಾರಿಸದೆಯೇ ಅವರ ಬಾಗಿಲಿಗೆ ತಲುಪಿಸುವ ವ್ಯಾಪಾರವಿರುವವರೆಗೆ ಆ ಎಚ್ಚರಿಕೆ ಓದುವವರನ್ನು ಕಾಯುವುದಿಲ್ಲ. ಬರೆದವರನ್ನು ಮಾತ್ರ ಕಾಯುತ್ತದೆ. ಸತ್ಯವನ್ನು ಹೇಳಿದಂತೆಯೂ ಆಗಬೇಕು, ಅದು ಕೇಳಿಸದಂತೆಯೂ ಇರಬೇಕು ಎಂಬ ಈ ನಡೆಯನ್ನು ನೀತಿಯ ದೃಷ್ಟಿಯಿಂದ ಸತ್ಯವೆಂದು ಕರೆಯಲಾಗದು.

ಹೆಸರುಗಳ ವಿಷಯದಲ್ಲೂ ಇಂತಹ ಜಾಣ್ಮೆ ಕಾಣುತ್ತದೆ. 'ಹೆಮಾರಹಿತ' ಎಂದು ಸಾರುವ ಎಷ್ಟೋ ಸೀಸೆಗಳಲ್ಲಿ ಅದರ ಸ್ಥಾನವನ್ನು ಅದರದೇ ಸೋದರ ರಾಸಾಯನಿಕವೊಂದು ತುಂಬಿರುತ್ತದೆ. ಒಂದಕ್ಕೆ ಅಲರ್ಜಿಯಾದ ದೇಹವು ಇನ್ನೊಂದನ್ನೂ ಗುರುತಿಸಿ ಪ್ರತಿಭಟಿಸಬಹುದು. 2010ರಲ್ಲಿ ಅಮೆರಿಕದ ಕಂಪನಿಯೊಂದು ಹೊರತಂದ 'ಶೆಲ್ಯಾಕ್' ಎಂಬ ಲೇಪ ಎಷ್ಟು ಪ್ರಸಿದ್ಧವಾಯಿತೆಂದರೆ, ಹಲವರು ಎಲ್ಲ ಜೆಲ್ಲನ್ನೂ ಅದೇ ಹೆಸರಿನಿಂದ ಕರೆಯುವುದುಂಟು. ಶೆಲ್ಯಾಕ್ ಎಂದರೆ ಅರಗು. ಶ್ರಾವಕರು ವರ್ಜಿಸಬೇಕಾದ ಹದಿನೈದು ವೃತ್ತಿಗಳಲ್ಲಿ ಲಾಕ್ಷಾವಾಣಿಜ್ಯವನ್ನೂ ಎಣಿಸಿರುವುದರಿಂದ ಈ ಹೆಸರನ್ನು ಕೇಳಿ ಹಿಂಜರಿದವರನ್ನು ಬಲ್ಲೆ. ವಸ್ತುತಃ ಆ ಲೇಪದಲ್ಲಿ ಅರಗಿಲ್ಲ. ಹೆಸರು ಹೊಳಪಿಗಾಗಿ ಇಟ್ಟದ್ದು. ಜೀವಿಜನ್ಯ ವಸ್ತುವನ್ನು ಬಿಡಬೇಕೆನ್ನುವವರು ಕೆಂಪು ಬಣ್ಣದಲ್ಲಿ ಇರಬಹುದಾದ, ಕೀಟದಿಂದ ತೆಗೆದ ಕಾರ್ಮೈನನ್ನೂ ಮುತ್ತಿನ ಹೊಳಪಿಗಾಗಿ ಬಳಸುವ, ಮೀನಿನ ಹುರುಪೆಯ ಗ್ವಾನಿನನ್ನೂ ವಿಚಾರಿಸಬೇಕು. ಹೆಸರನ್ನು ಕಂಡು ಬಿಡುವುದೂ ಹೆಸರನ್ನು ನಂಬಿ ಕೊಳ್ಳುವುದೂ ಒಂದೇ ಬಗೆಯ ಅಜಾಗ್ರತೆ.

ದೀಪದ ಬಗ್ಗೆ ಎರಡು ಮಾತು. 'ಇದು ಎಲ್‌ಇಡಿ, ಅತಿನೇರಳೆಯಲ್ಲ' ಎಂಬ ಸಮಾಧಾನ ಬಹಳವಾಗಿ ಪ್ರಚಾರದಲ್ಲಿದೆ. ಎಲ್‌ಇಡಿ ಎನ್ನುವುದು ಬೆಳಕನ್ನು ಉಂಟುಮಾಡುವ ಸಾಧನದ ಹೆಸರು. ಅದರಿಂದ ಹೊಮ್ಮುವುದು ಇಲ್ಲಿ ಬಹುಮಟ್ಟಿಗೆ ಅತಿನೇರಳೆ-ಎ ಮತ್ತು ಅದರ ಅಂಚಿನ ಬೆಳಕೇ. 2023ರ ಜನವರಿಯಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಇಂತಹ ದೀಪಕ್ಕೆ ಒಮ್ಮೆ 20 ನಿಮಿಷ ಒಡ್ಡಿದ ಜೀವಕೋಶಗಳಲ್ಲಿ ಶೇ. 20ರಿಂದ 30ರಷ್ಟು ಸತ್ತವು. ಅನುಕ್ರಮವಾಗಿ ಮೂರು ಬಾರಿ ಒಡ್ಡಿದಾಗ ಶೇ. 65ರಿಂದ 70ರಷ್ಟು ಸತ್ತವು. ಉಳಿದವುಗಳ ಡಿಎನ್‌ಎಗೆ ಹಾನಿಯಾಗಿತ್ತು. ಆದರೆ ಅವು ಗಾಜಿನ ತಟ್ಟೆಯ ಕೋಶಗಳು; ಅವುಗಳಿಗೆ ಮೇಲುಚರ್ಮದ ಹೊದಿಕೆಯಿರಲಿಲ್ಲ, ಮನೆಯಲ್ಲಿ ಬೆರಳು ದೀಪದಡಿ ಇರುವ ಹೊತ್ತೂ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಇದರಿಂದ ಕ್ಯಾನ್ಸರ್ ಬಂದೇ ಬರುತ್ತದೆ ಎಂದು ಹೆದರಿಸುವುದು ಅನ್ಯಾಯ. ಹಾಗೆಯೇ ಟಿಪಿಒ ಎಂಬ ಬೆಳಕಿನ ಪ್ರಚೋದಕವನ್ನು ಐರೋಪ್ಯ ಒಕ್ಕೂಟವು 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯಸಾಧನಗಳಲ್ಲಿ ನಿಷೇಧಿಸಿದ್ದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಂತಾನಶಕ್ತಿಗೆ ಕಂಡ ಹಾನಿಯ ಆಧಾರದಿಂದ. ಉಗುರಿಗೆ ಹಚ್ಚಿಕೊಂಡವರಲ್ಲಿ ಕಂಡ ಹಾನಿಯಿಂದಲ್ಲ. ವಿಮರ್ಶಕನು ಭಯವನ್ನು ಮಾರಬಾರದು. ಅದೂ ಒಂದು ವ್ಯಾಪಾರವೇ.

ಹಾಗಾದರೆ ಇದನ್ನೆಲ್ಲ ಪಾರ್ಲರಿಗೇ ಬಿಟ್ಟರೆ ತೀರಿತಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಉತ್ತರ ಅಷ್ಟು ಸುಲಭವಲ್ಲ. ನಾವು ತಿಂಗಳಿಗೆರಡು ಬಾರಿ ಮುಟ್ಟುವ ವಸ್ತುವನ್ನು ಅಲ್ಲಿಯ ಕೆಲಸದ ಹೆಣ್ಣುಮಗಳು ದಿನವಿಡೀ ಮುಟ್ಟುತ್ತಾಳೆ, ಅರದಿಂದೇಳುವ ಧೂಳಿನ ನಡುವೆ ಕೂರುತ್ತಾಳೆ. ತೆಳುವಾದ ನೈಟ್ರೈಲ್ ಕೈಗವಸನ್ನು ಕೂಡ ಈ ರಾಸಾಯನಿಕಗಳು ಕೆಲವೇ ನಿಮಿಷಗಳಲ್ಲಿ ದಾಟಬಲ್ಲವು. ಆಕೆಗೆ ಅಲರ್ಜಿಯಾದರೆ ಹೋಗುವುದು ಅಲಂಕಾರವಲ್ಲ, ಅನ್ನ. ನಮ್ಮ ಅಪಾಯವನ್ನು ಹಣ ಕೊಟ್ಟು ಇನ್ನೊಬ್ಬರ ಕೈಗೆ ದಾಟಿಸುವುದನ್ನು ಪರಿಹಾರವೆನ್ನಲು ಮನಸ್ಸು ಒಪ್ಪುವುದಿಲ್ಲ. ಮನೆಯಲ್ಲಿ ಮಾಡಿಕೊಳ್ಳುವವರ ಪಕ್ಷದಲ್ಲೂ ನ್ಯಾಯವಿದೆ: ಹಣದ ಮಿತಿ, ಚಿಕ್ಕ ಮಕ್ಕಳನ್ನು ಬಿಟ್ಟು ಹೊರಡಲಾಗದ ಪರಿಸ್ಥಿತಿ, ತನ್ನ ಕೈಕೆಲಸದ ಸಂತೋಷ. ಇವನ್ನು ಅಲ್ಲಗಳೆಯದೆ ಕೇಳಬೇಕಾದದ್ದು ಜಾಗರೂಕತೆಯನ್ನು.

ಆ ಜಾಗರೂಕತೆ ಏನೆಂಬುದೂ ಗೊತ್ತಿರುವ ವಿಷಯವೇ. ಜೆಲ್ಲನ್ನು ಚರ್ಮಕ್ಕೆ ತಾಗಿಸಬಾರದು. ತಾಗಿದರೆ ದೀಪದಡಿ ಕೈಯಿಡುವ ಮೊದಲೇ ಒರೆಸಬೇಕು. ಲೇಪ ತೆಳುವಾಗಿರಬೇಕು. ಜೆಲ್ಲೂ ದೀಪವೂ ಒಂದಕ್ಕೊಂದು ಹೊಂದುವಂತೆ ಒಂದೇ ತಯಾರಕರು ಸೂಚಿಸಿದವಾಗಿರಬೇಕು. ಹೆಬ್ಬೆರಳನ್ನು ಬೇರೆಯಾಗಿ ಇಡಬೇಕು. ಬೆರಳ ತುದಿ ಮಾತ್ರ ತೆರೆದಿರುವ ಕೈಗವಸಿನಿಂದ ಉಳಿದ ಚರ್ಮವನ್ನು ಬೆಳಕಿನಿಂದ ಮರೆಮಾಡಬೇಕು. ತೆಗೆಯುವಾಗ ಕಿತ್ತು ಎಳೆಯದೆ ಅಸಿಟೋನಿನಲ್ಲಿ ನೆನೆಸಬೇಕು. ಕಿತ್ತಾಗ ಉಗುರಿನ ಪದರವೂ ಕಿತ್ತು ಬರುತ್ತದೆ, ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುವ ಉಗುರು ಪೂರ್ತಿ ಹೊಸದಾಗಲು ಆರು ತಿಂಗಳು ಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ತುರಿಕೆ ಕಂಡ ದಿನವೇ ನಿಲ್ಲಿಸಬೇಕು. ಇಷ್ಟನ್ನು ಪಾಲಿಸಲು ವ್ಯವಧಾನವಿಲ್ಲದವರಿಗೆ ಸಾಧಾರಣ ಉಗುರುಬಣ್ಣವಿದೆ, ಬಣ್ಣವಿಲ್ಲದ ಉಗುರಿದೆ.

ಆರಂಭದ ಮೂರು ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ಈ ಡಬ್ಬಿ ಹೇಳುವುದು ಹೊಳಪಿನ ಮಾತು. ಹೊಳಪನ್ನು ಅದು ನಡೆಸಿಕೊಡುತ್ತದೆ. ಹೇಳದೆ ಬಿಟ್ಟದ್ದು, ಅಥವಾ ಕೇಳಿಸದಂತೆ ಹೇಳಿದ್ದು, ಒಂದು ವೃತ್ತಿಯ ಸಮಸ್ತ ಎಚ್ಚರವನ್ನು. ತಯಾರಕರು ಆ ಎಚ್ಚರವನ್ನು ಸರಳವಾದ ಮಾತಿನಲ್ಲಿ, ಕೊಳ್ಳುವವರ ಭಾಷೆಯಲ್ಲಿ, ಡಬ್ಬಿಯ ಮುಖದ ಮೇಲೆಯೇ ಬರೆಯುವ ದಿನ ಬರಲಿ. ಅಲ್ಲಿಯವರೆಗೆ ಮನೆಯ ಹಿರಿಯರು ಹುಡುಗಿಯರನ್ನು ಗದರದೆ, ಅವರ ಪಕ್ಕದಲ್ಲಿ ಕುಳಿತು ಆ ಕೈಪಿಡಿಯನ್ನು ಒಮ್ಮೆ ಜೊತೆಯಾಗಿ ಓದಿದರೆ ಸಾಕು. ನನ್ನ ಅಕ್ಕನ ಮಗಳಿಗೆ ಹಾಗೆ ಓದಿ ಹೇಳುವವರು ಆ ದಿನ ಯಾರೂ ಇರಲಿಲ್ಲ.