ಮೊದಲು ಜಮಾ ಬರೆಯಿರಿ

ದೀಪಾವಳಿ ಮುಗಿದು ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದವೆಂದರೆ ಮುಧೋಳ ಸೀಮೆಯಲ್ಲಿ ಮನೆ ದುರಸ್ತಿಯ ಮಾತೂ ಶುರುವಾಗುತ್ತದೆ. ಮಳೆ ಹಿಂದೆ ಸರಿದಿರುತ್ತದೆ, ಕಬ್ಬಿನ ಬಿಲ್ಲಿನ ಆಸೆ ಮುಂದಿರುತ್ತದೆ. ಗೌಂಡಿ ಬಂದು ಪಡಸಾಲೆಯ ನಡುವೆ ನಿಂತು ತಲೆ ಎತ್ತಿ ಜಂತಿ ನೋಡುತ್ತಾನೆ, ಬೆರಳಗೆಣ್ಣಿನಿಂದ ಗೋಡೆ ಬಡಿದು ಕಿವಿಗೊಡುತ್ತಾನೆ. ‘ಎಷ್ಟಾಕ್ಕೈತಿ ತಮ್ಮಾ?’ ಎಂದು ಮನೆಯ ಹಿರಿಯರು ಕೇಳಿದರೆ ‘ಬಿಚ್ಚಿದ ಮ್ಯಾಲ ಗೊತ್ತಾಕ್ಕೈತ್ರಿ ಕಾಕಾ’ ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಆದರೆ ಬಿಚ್ಚುವ ಮೊದಲೇ ತಿಳಿಯಬಹುದಾದದ್ದು ಬಹಳ ಇದೆ. ಅದನ್ನು ಯಾರೂ ಬರೆದಿಡುವುದಿಲ್ಲ ಎಂಬುದೇ ನನ್ನ ಸಂಕಟ.

ಹಳೆಯ ಮನೆಗಳ ದುರಸ್ತಿ ನೋಡುವುದು, ಅವುಗಳ ಲೆಕ್ಕದ ವಹಿ ಓದುವುದು ನನ್ನ ಬಹುಕಾಲದ ಗೀಳು. ವಹಿ ತೆರೆದರೆ ಖರ್ಚಿನ ಕಡೆ ಸಿಮೆಂಟು, ಉಸುಕು, ಖಡಿ, ಹಾಜರಿ ಎಂದು ಪುಟ ತುಂಬಿರುತ್ತದೆ. ಜಮಾ ಕಡೆ ಕೈಯಲ್ಲಿರುವ ರೊಕ್ಕ, ಪತ್ತಿನ ಸಂಘದ ಸಾಲ, ಬಂಗಾರ ಒತ್ತೆಯಿಟ್ಟು ತಂದದ್ದು, ಇಷ್ಟೇ. ಆ ಮನೆ ತಾನಾಗಿ ಕೊಡುವ ಸಾಮಾನಿಗೆ ಅಲ್ಲಿ ಒಂದು ಸಾಲೂ ಇರುವುದಿಲ್ಲ. ನಮ್ಮ ಕಡೆಯ ಮಾಳಿಗೆ ಮನೆಯನ್ನು ದುರಸ್ತಿ ಮಾಡುವವರು ಮೊದಲು ಬರೆಯಬೇಕಾದದ್ದು ಆ ಸಾಲನ್ನು.

ಮಾಳಿಗೆ ಮನೆಯಲ್ಲಿ ಏನಿರುತ್ತದೆ? ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಒಳಗೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆಯ ಹಾಸು, ಎಲ್ಲದರ ಮೇಲೆ ಮಣ್ಣು. ಇದರಲ್ಲಿ ಕಟ್ಟಿಗೆಯೇ ಒಂದು ಆಸ್ತಿ. ಗುತ್ತಿಗೆ ಹಿಡಿಯುವವರಿಗೆ ಅದು ಚೆನ್ನಾಗಿ ಗೊತ್ತು. ‘ಹಳೇ ಸಾಮಾನ ನಮಗ ಬಿಡ್ರಿ, ಕೆಡವೂ ಖರ್ಚ ನಾವು ಹಿಡಿಯೂದಿಲ್ಲ’ ಎಂಬ ಮಾತು ಬಂದಾಗ ಮನೆಯವರಿಗೆ ಖುಷಿಯಾಗುತ್ತದೆ, ಒಂದು ಖರ್ಚು ತಪ್ಪಿತೆಂದು. ತೊಲೆಗಳನ್ನು ಅಳೆಯದೆ ಈ ಮಾತಿಗೆ ಹೂಂ ಎನ್ನಬಾರದು.

ಅಳೆಯುವುದು ಕಷ್ಟವಲ್ಲ. ಕಟ್ಟಿಗೆಯ ವ್ಯಾಪಾರ ನಡೆಯುವುದು ಘನ ಅಡಿಯಲ್ಲಿ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರಾಯಿತು. 12 ಅಡಿ ಉದ್ದ, 8 ಇಂಚು ಅಗಲ, 6 ಇಂಚು ದಪ್ಪದ ತೊಲೆಯಲ್ಲಿ 4 ಘನ ಅಡಿ ಕಟ್ಟಿಗೆ ಇದೆ. ತೇಗವೋ ಬೇವೋ ಜಾಲಿಯೋ ಎಂಬುದನ್ನು ಬಡಿಗೇರರಿಗೆ ತೋರಿಸಿ ಬರೆದುಕೊಳ್ಳಿ. ಗೆದ್ದಲು, ಕೊಳೆತ ಹೆಚ್ಚಾಗಿ ಕಾಣುವುದು ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ನಡುಭಾಗ ಗಟ್ಟಿಯಿದ್ದರೆ ತುದಿ ಕತ್ತರಿಸಿದ 12 ಅಡಿಯ ತೊಲೆ 10 ಅಡಿಯ ತೊಲೆಯಾಗುತ್ತದೆ. ಪಡಸಾಲೆಗೆ ಸಾಲದಿದ್ದರೂ ಒಳಕೋಣೆಗೆ ಸಾಲುತ್ತದೆ, ಇಲ್ಲವೇ ಸೀಳಿಸಿದರೆ ಬಾಗಿಲ ಚೌಕಟ್ಟಾಗುತ್ತದೆ. ಕೆತ್ತಿದ ಕಲ್ಲು, ಫರಸಿ, ಮೆಟ್ಟಿಲ ಚಪ್ಪಡಿ, ತಲಬಾಗಿಲು, ಅದರ ಚಿಲಕ ಅಗುಳಿಗಳನ್ನೂ ಎಣಿಸಿ. ಕೆಡವಿದ ಗೋಡೆಯ ಮಣ್ಣನ್ನು ಸೋಸಿದರೆ ನೆಲ ತುಂಬಲು ಬರುತ್ತದೆ.

ಈ ಸಾಮಾನಿನ ಬೆಲೆ ಹೊರಗಿನವರಿಗೆ ತಿಳಿದಷ್ಟು ನಮಗೆ ತಿಳಿಯಲಿಲ್ಲ. ಘೋರ್ಪಡೆ ಮನೆತನದ ಮುಧೋಳ ಅರಮನೆಯ ದರ್ಬಾರ್ ಹಾಲ್ ಇವತ್ತು ನೋಡಬೇಕೆಂದರೆ ಮಣಿಪಾಲಕ್ಕೆ ಹೋಗಬೇಕು. ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಅದು ಮತ್ತೆ ಎದ್ದು ನಿಂತಿದೆ. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯೂ ಹಾಗೆಯೇ ನಿಂತಿದೆ. ಬಿಚ್ಚಿದ ಕಟ್ಟಿಗೆ ಮತ್ತೆ ಜೋಡಿಸಲು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟ ಬೀಳಗಿ, ಬಾಗಲಕೋಟೆ ಕಡೆಯ ಜನಕ್ಕೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಮುಳುಗಡೆಯ ಮನೆಯಿಂದ ಬಾಗಿಲು, ಕಂಬ, ತೊಲೆ ಕಿತ್ತು ಹೊಸ ಜಾಗಕ್ಕೆ ಹೇರಿಕೊಂಡು ಹೋದವರಿಗೆ ಅದು ಪರಿಹಾರದ ರೊಕ್ಕದಷ್ಟೇ ಖರೆಯಾದ ಬಂಡವಾಳ. ಈಗ ಯಾವ ನೀರೂ ಬೆನ್ನು ಹತ್ತದೆ ಇರುವಾಗ ನಾವು ಅದೇ ತೊಲೆಯನ್ನು ಮೋಡಕಾ ಸಾಮಾನಿನ ಲೆಕ್ಕದಲ್ಲಿ ಬಿಟ್ಟುಕೊಡುತ್ತಿದ್ದೇವೆ.

ಜಮಾ ಬರೆದ ಮೇಲೆ ಖರ್ಚು. ಅದರಲ್ಲಿ ಮೊದಲ ಸಾಲು ಮಾಳಿಗೆಯದೇ ಇರಲಿ, ಟೈಲ್ಸಿನದಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕುವ ಪದ್ಧತಿ ನಮ್ಮಲ್ಲಿ ಹಳೆಯದು. ಉಪ್ಪಿನಂಶದ ಆ ಮಣ್ಣಿನ ಕಣಗಳು ಮೊದಲ ಮಳೆಗೆ ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತು ನೀರಿನ ದಾರಿ ಮುಚ್ಚುತ್ತವೆ. ಹಿರಿಯರ ಈ ಜಾಣತನಕ್ಕೆ ಇನ್ನೊಂದು ಮುಖವಿದೆ: ವರ್ಷವರ್ಷ ಹಾಕಿದ್ದನ್ನು ಯಾರೂ ಕೆರೆದು ತೆಗೆಯುವುದಿಲ್ಲ. ಅರ್ಧ ಅಡಿಯಿದ್ದ ಮಣ್ಣು ಒಂದು ಅಡಿಯಾಗುತ್ತದೆ, ಒಂದೂವರೆಯಾಗುತ್ತದೆ. 20 ಅಡಿಗೆ 15 ಅಡಿಯ ಪಡಸಾಲೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಅದು 300 ಘನ ಅಡಿ, ಅಂದರೆ 3 ಬ್ರಾಸ್. ಘನ ಅಡಿಗೆ ಸುಮಾರು 45 ಕಿಲೋ ಹಿಡಿದರೂ 13 ಟನ್ನಿನ ಮೇಲಾಯಿತು. ಕಾಂಕ್ರೀಟ್ ಸ್ಲ್ಯಾಬಿನ 5 ಇಂಚಿನ ಹಾಸಿಗಿಂತ ಇದೇ ಭಾರ. ಜಂತಿ ಬಾಗಿದೆ, ಮನೆ ಮುಗಿಯಿತು ಎಂದು ಗಾಬರಿಯಾಗುವ ಮೊದಲು ಮೇಲಿನ ಮಣ್ಣು ಎಷ್ಟಿದೆ ಎಂದು ಒಂದು ಸಲಾಕೆ ಚುಚ್ಚಿ ನೋಡಿ. ಹೆಚ್ಚಿನ ಮಣ್ಣು ಇಳಿಸಿ, ಮುರಿದ ಜಂತಿಗಳನ್ನಷ್ಟೇ ಬದಲಿಸಿದರೆ ಸಾಕಾಗುವ ಮನೆಗಳು ಬಹಳ ಇವೆ.

ಇಳಿಸಿದ ಮಣ್ಣು ಎಲ್ಲಿಗೆ ಹೋಗುತ್ತದೆ? ಅಗೆದ ಮಣ್ಣು ಅರಳುತ್ತದೆ, 3 ಬ್ರಾಸ್ ಇದ್ದದ್ದು 4 ಆಗುತ್ತದೆ. ಸಂದಿಯಲ್ಲಿ ಟ್ರ್ಯಾಕ್ಟರ್ ಹೋಗದಿದ್ದರೆ ಬುಟ್ಟಿಯಲ್ಲಿ ಹೊರಬೇಕು. ಹಂಗಾಮಿನಲ್ಲಿ ಟ್ರ್ಯಾಕ್ಟರುಗಳೆಲ್ಲ ಕಬ್ಬು ಹೇರುವುದರಲ್ಲಿರುತ್ತವೆ, ಬಾಡಿಗೆ ಏರುತ್ತದೆ. ಈ ಹೇರಾಟದ ಖರ್ಚು ಬಹುತೇಕ ವಹಿಗಳಲ್ಲಿ ಕಾಣುವುದೇ ಇಲ್ಲ, ಕಡೆಗೆ ‘ಇತರೆ’ ಎಂದು ಒಂದು ದೊಡ್ಡ ಅಂಕಿಯಾಗಿ ಬರುತ್ತದೆ.

ಮಾಳಿಗೆ ಪೂರ್ತಿ ತೆಗೆದು ಸ್ಲ್ಯಾಬ್ ಹಾಕಲೇಬೇಕೆಂದರೆ ಅದರ ಲೆಕ್ಕವನ್ನೂ ಮನೆಯವರೇ ಹಾಕಬಹುದು. ಅದೇ 300 ಚದರ ಅಡಿಗೆ 5 ಇಂಚಿನ ಸ್ಲ್ಯಾಬೆಂದರೆ 125 ಘನ ಅಡಿ ಕಾಂಕ್ರೀಟ್. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿಯ ಲೆಕ್ಕದಲ್ಲಿ ಸುಮಾರು 29 ಚೀಲ ಸಿಮೆಂಟು, ಅರ್ಧ ಬ್ರಾಸಿಗಿಂತ ತುಸು ಹೆಚ್ಚು ಉಸುಕು, ಒಂದು ಬ್ರಾಸಿಗಿಂತ ತುಸು ಹೆಚ್ಚು ಖಡಿ. ಕಬ್ಬಿಣ ಎಷ್ಟೆಂಬುದು ಕಂಬ, ತೊಲೆಗಳ ಅಂತರದ ಮೇಲಿದೆ, ಅದನ್ನು ಎಂಜಿನಿಯರರಿಂದ ಬರೆಸಿಕೊಳ್ಳಬೇಕು. ಬಂದಿಳಿದ ಕಬ್ಬಿಣದ ತೂಕವನ್ನು ಮಾತ್ರ ನೀವೇ ತಾಳೆ ನೋಡಿ. ಸಳಿಯ ದಪ್ಪ ಎಷ್ಟು ಮಿಲಿಮೀಟರೋ ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿಲಿಮೀಟರಿನ, 12 ಮೀಟರ್ ಉದ್ದದ ಒಂದು ಸಳಿ ಸುಮಾರು 10.7 ಕಿಲೋ ತೂಗಬೇಕು. ಸಳಿ ಎಣಿಸಿ, ಗುಣಿಸಿ, ಬಿಲ್ಲಿನ ಪಕ್ಕ ಇಟ್ಟು ನೋಡಿ.

ಗೋಡೆಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುವುದು ರೊಕ್ಕ ಕೊಟ್ಟು ಹಸಿಯನ್ನು ಒಳಗೆ ಕೂಡಿಹಾಕಿದಂತೆ. ಘಟಪ್ರಭೆಯ ನೀರು ಕಂಡ ಕಬ್ಬಿನ ನೆಲದಲ್ಲಿ ಸವಳು ಜವಳು ಹೆಚ್ಚಿ, ನೆಲದ ಹಸಿ ಉಪ್ಪನ್ನು ಹೊತ್ತು ಗೋಡೆಗೆ ಏರುತ್ತದೆ. ಸುಣ್ಣದ ಗಾರೆ ಅದನ್ನು ಹೊರಕ್ಕೆ ಆರಲು ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ, ಹಸಿ ಇನ್ನೂ ಮೇಲೇರುತ್ತದೆ, ಕೆಲವೇ ವರ್ಷಗಳಲ್ಲಿ ಬಣ್ಣ ಉಬ್ಬಿ ಗಿಲಾವು ಹಕ್ಕಳೆಯಾಗಿ ಕಳಚುತ್ತದೆ. ಆಗ ಅದೇ ಖರ್ಚು ಎರಡನೇ ಸಲ. ಲೋಕಾಪುರ, ಮುದ್ದಾಪುರದ ಸುತ್ತ ಸುಣ್ಣದ ಕಲ್ಲಿನ ನೆಲವೇ ಇದೆ, ಆ ಕಲ್ಲು ಈಗ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುತ್ತದೆ. ಗಾರೆಯ ಕೆಲಸ ಬಲ್ಲ ಗೌಂಡಿಗಳು ಕಡಿಮೆಯಾಗಿದ್ದಾರೆ, ಅವರ ಹಾಜರಿ ಹೆಚ್ಚು, ಕೆಲಸವೂ ನಿಧಾನ. ಆದರೂ ಗಿಲಾವಿನ ಸಾಲಿನಲ್ಲಿ ಹೆಚ್ಚಿನ ಅಂಕಿಯನ್ನೇ ಬರೆಯಿರಿ ಎನ್ನುತ್ತೇನೆ. ಎರಿಮಣ್ಣಿನ ನೆಲವಾದರೆ ಗೋಡೆಯ ಸೀಳುಗಳಿಗೆ ಗಿಲಾವು ಮದ್ದೇ ಅಲ್ಲ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ನೆಲದ ಮೇಲೆ ಪಾಯಾ ಅಲುಗುತ್ತಿರುತ್ತದೆ. ಬಚ್ಚಲ ನೀರು, ಮಾಳಿಗೆ ನೀರು ಗೋಡೆಯ ಬುಡದಲ್ಲಿ ಇಂಗದಂತೆ ಗಟಾರ ಮಾಡಿಸುವ ಖರ್ಚು ಬಣ್ಣದ ಖರ್ಚಿಗಿಂತ ಮೊದಲು ಬರಬೇಕು.

ಅಡುಗೆ ಮನೆಯ ಕಟ್ಟೆ, ಸ್ನಾನದ ಮನೆಯ ಟೈಲ್ಸು, ಮುಂಭಾಗದ ಅಂದ, ಇವುಗಳ ಬಗ್ಗೆ ನಾನು ಹೇಳುವುದು ಕಡಿಮೆ. ಅವು ಕಣ್ಣಿಗೆ ಕಾಣುವ ಖರ್ಚು, ಅಂಗಡಿಯಲ್ಲಿ ಬೆಲೆ ಬರೆದಿರುತ್ತದೆ, ರೊಕ್ಕ ಸಾಲದಿದ್ದರೆ ಮುಂದಿನ ವರ್ಷಕ್ಕೆ ದೂಡಬಹುದು. ಬಿಚ್ಚಿದ ಮಾಳಿಗೆಯನ್ನು ದೂಡಲು ಬರುವುದಿಲ್ಲ.

ರಬಕವಿ–ಬನಹಟ್ಟಿಯಲ್ಲಿ ಇನ್ನೊಂದು ಖರ್ಚಿದೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಮಗ್ಗವಿರುವುದು ಮನೆಯೊಳಗೇ. ನೆಲ ಅಗೆದರೆ, ಮಾಳಿಗೆ ತೆಗೆದರೆ ಮಗ್ಗ ನಿಲ್ಲುತ್ತದೆ, ಆ ದಿನಗಳ ಕೂಲಿಯೂ ನಿಲ್ಲುತ್ತದೆ. ಮಗ್ಗ ಬಿಚ್ಚಿ ಮತ್ತೆ ಹೂಡುವ ಕೆಲಸ ಬೇರೆ. ಗೌಂಡಿಯ ಹಾಜರಿಯಷ್ಟೇ ಸ್ಪಷ್ಟವಾಗಿ ಇದನ್ನೂ ಬರೆದುಕೊಂಡರೆ, ಇಡೀ ಮನೆಯನ್ನು ಒಮ್ಮೆಲೇ ಬಿಚ್ಚುವುದಕ್ಕಿಂತ ಮಗ್ಗದ ಅಂಕಣವನ್ನು ಮೊದಲು ಮುಗಿಸಿಕೊಳ್ಳುವುದು ಲಾಭವೆಂಬುದು ತಾನಾಗಿ ಕಾಣುತ್ತದೆ.

ಹಂತಹಂತವಾಗಿ ಕಟ್ಟುವ ಪಾಠವನ್ನು ಘಟಪ್ರಭೆಯ ದಂಡೆಯ ಊರುಗಳು ಕಷ್ಟಪಟ್ಟು ಕಲಿತಿವೆ. 2019ರ ಆಗಸ್ಟಿನ ಮಹಾಪೂರದಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ಸರ್ಕಾರ 5 ಲಕ್ಷ ರೂಪಾಯಿ ಗೊತ್ತುಮಾಡಿತು, ಆದರೆ ಕೈಗೆ ಬಂದದ್ದು ಕಂತುಗಳಲ್ಲಿ, ಕೆಲಸ ಮುಂದುವರಿದ ಫೋಟೋ ದಾಖಲಾದ ಮೇಲೆ. ರೊಕ್ಕ ಎಲ್ಲಿ ನಿಂತರೂ ಮನೆ ವಾಸಕ್ಕೆ ಬರುವಂತೆ ಹಂತ ಹಾಕಿಕೊಳ್ಳುವುದು ಆ ಪಾಠ. ಒಂದು ಅಂಕಣದ ಮಾಳಿಗೆ, ಗೋಡೆ, ನೆಲ ಮುಗಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು.

ಕಬ್ಬಿನ ರೊಕ್ಕವೂ ಕಂತಿನ ರೊಕ್ಕವೇ. ಕಬ್ಬು ಕೊಟ್ಟ 14 ದಿನಗಳಲ್ಲಿ ಬಿಲ್ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿಯನ್ನೂ ಹೇಳುತ್ತದೆ. ಆ 14 ದಿನವನ್ನು ನಂಬಿ ಗೌಂಡಿಗೆ ತಾರೀಖು ಕೊಡಬೇಡಿ. 2025–26ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ದರ ಶೇ 10.25ರ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಟನ್ನಿಗೆ 3,550 ಎಂದು ಲೆಕ್ಕ ಹಾಕಿ ಕೂತರೆ ಕಟಾವು, ಸಾಗಾಣಿಕೆ ಕಳೆದು ಕೈಗೆ ಬರುವುದು ಬೇರೆಯೇ ಅಂಕಿ. ಹೋದ ವರ್ಷ ನಿಮ್ಮ ಪಾಸ್‌ಬುಕ್ಕಿಗೆ ಟನ್ನಿಗೆ ಎಷ್ಟು ಬಿತ್ತೋ ಅದನ್ನೇ ಹಿಡಿಯಿರಿ. ನಾನಂತೂ ನಮ್ಮ ಕಡೆಯವರಿಗೆ ಖರ್ಚನ್ನು ಟನ್ನಿನಲ್ಲಿಯೂ ಬರೆಯಿರಿ ಎನ್ನುತ್ತೇನೆ. ಮುಂಭಾಗದ ಗ್ರಾನೈಟಿಗೆ ಎಷ್ಟು ಟನ್ ಕಬ್ಬು ಎಂದು ಬರೆದಾಗ ಬೇಕು ಬೇಡ ಬೇಗ ಬಗೆಹರಿಯುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಒಳ್ಳೆಯದೇ. ಆದರೆ ತೆರಿಗೆ ಬಿಟ್ಟು 300 ರೂಪಾಯಿಯ ಚೀಲವೊಂದಕ್ಕೆ ಉಳಿಯುವುದು 30 ರೂಪಾಯಿ, ಮೇಲಿನ 29 ಚೀಲದ ಸ್ಲ್ಯಾಬಿಗೆ 870. ಬಿಟ್ಟುಕೊಟ್ಟ ಒಂದೇ ಒಂದು ತೇಗದ ತೊಲೆಯ ಬೆಲೆ ಇದಕ್ಕಿಂತ ಎಷ್ಟೋ ಪಟ್ಟು.

ಇಷ್ಟೆಲ್ಲ ಬರೆದ ಮೇಲೂ ಗೌಂಡಿಯ ಮಾತಿಗೆ ಜಾಗ ಬಿಡಬೇಕು. ಬಿಚ್ಚಿದಾಗ ಗೋಡೆಯ ಒಡಲು ಪೊಳ್ಳಾಗಿರಬಹುದು, ಪಾಯದ ಕಲ್ಲು ಸರಿದಿರಬಹುದು, ಪಡಸಾಲೆಯ ಕೆಳಗೆ ಮರೆತುಹೋದ ಹಗೇವು ಸಿಗಬಹುದು. ಹೊಸ ಮನೆಗೆ ಹತ್ತರಲ್ಲೊಂದು ಪಾಲು ಕಾಯ್ದಿಟ್ಟರೆ ನಡೆದೀತು. ಮಾಳಿಗೆ ಮನೆಗೆ ನಾಲ್ಕರಲ್ಲೊಂದು ಪಾಲು ಬೇಕೆಂಬುದು ನನ್ನ ಎಣಿಕೆ. ಅದು ಪತ್ತಿನ ಸಂಘದಲ್ಲಿ ಬೇರೆ ಖಾತೆಯಲ್ಲೇ ಇರಲಿ, ಕೈಚೀಲದಲ್ಲಿದ್ದರೆ ಟೈಲ್ಸಾಗಿಬಿಡುತ್ತದೆ.

ಕಾಲದ ಲೆಕ್ಕವೂ ರೊಕ್ಕದ ಲೆಕ್ಕವೇ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಮಾಳಿಗೆ ಬಿಚ್ಚುವುದು ದೀಪಾವಳಿಯ ಮೇಲೆ, ಮುಚ್ಚುವುದು ಶಿವರಾತ್ರಿಯೊಳಗೆ ಆಗಬೇಕು. ಬೇಸಿಗೆಗೆ ಎಳೆದರೆ 40 ಡಿಗ್ರಿಯ ಬಿಸಿಲಿನಲ್ಲಿ ಸ್ಲ್ಯಾಬಿಗೆ ನೀರು ಉಣಿಸುವುದಕ್ಕೇ ಟ್ಯಾಂಕರ್ ತರಿಸಬೇಕಾಗುತ್ತದೆ.

ಇನ್ನು ಕೊನೆಯ ಕಂತು. ಕೆಲಸ ಮುಗಿದ ದಿನವೇ ಪೂರ್ತಿ ಲೆಕ್ಕ ಚುಕ್ತಾ ಮಾಡುವುದು ನಮ್ಮ ಜನದ ದೊಡ್ಡ ಗುಣ, ಅದರಲ್ಲಿ ನನಗೆ ಗೌರವವಿದೆ. ಆದರೂ ಗುತ್ತಿಗೆಯ ಇಪ್ಪತ್ತರಲ್ಲೊಂದು ಪಾಲನ್ನು ಮೊದಲ ದೊಡ್ಡ ಮಳೆ ಆಗುವ ತನಕ ಹಿಡಿದಿಡಬೇಕು. ಮಾಳಿಗೆ ಸೋರದಿದ್ದರೆ ಮರುದಿನವೇ ಕೊಡಬೇಕು, ಸೋರಿದರೆ ಸರಿಮಾಡಿದ ದಿನ ಕೊಡಬೇಕು. ಹಾಜರಿ ಕೂಲಿಯವರ ಪಗಾರಕ್ಕೆ ಇದು ಸಲ್ಲದು, ಅದು ವಾರದ ಸಂತೆಯ ದಿನ ತಪ್ಪದೆ ಸಂದಾಯವಾಗಬೇಕು. ಗುತ್ತಿಗೆ ಹಿಡಿದವನಿಗೆ ಈ ಮಾತನ್ನು ಮುಂಗಡ ಕೊಡುವ ದಿನವೇ ಹೇಳಿ, ಹಳೆಯ ಕಟ್ಟಿಗೆ ಯಾರದು ಎಂಬುದರ ಜೊತೆಗೆ ಇಬ್ಬರ ವಹಿಯಲ್ಲೂ ಬರೆದು ಸಹಿ ಮಾಡಿಸಿಕೊಳ್ಳಿ.