ಶೇಕಡಾ ನಲವತ್ತರ ಹೊಸ್ತಿಲು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಹೊಗಳುವವರು ಮೊದಲು ಎತ್ತುವ ಮಾತೆಂದರೆ, 1995ರ ಕಾಯ್ದೆಯಲ್ಲಿ ಏಳೇ ಇದ್ದ ವೈಕಲ್ಯದ ಬಗೆಗಳು ಇದರಲ್ಲಿ ಇಪ್ಪತ್ತೊಂದಾದವು ಎಂಬುದು. ಸಿಕಲ್ ಸೆಲ್ ರೋಗವುಳ್ಳವರೂ ಆಸಿಡ್ ದಾಳಿಗೆ ತುತ್ತಾದವರೂ ಕಾನೂನಿನ ಕಣ್ಣಿಗೆ ಬಿದ್ದದ್ದು ಸಣ್ಣ ಸಂಗತಿಯಲ್ಲ, ನಿಜ. ಆದರೆ ಪಟ್ಟಿಯ ಉದ್ದವನ್ನೇ ಕಾಯ್ದೆಯ ಹಿರಿಮೆಯೆಂದು ಎಣಿಸುತ್ತ ಬಂದ ವಿಮರ್ಶೆ, ಆ ಪಟ್ಟಿಯ ಬಾಗಿಲಲ್ಲಿ 1995ರಿಂದಲೂ ಅಲುಗದೆ ಕೂತಿರುವ ಅಂಕಿಯೊಂದನ್ನು ಓದದೆಯೇ ದಾಟಿಹೋಗಿದೆ.

ಕಾಯ್ದೆಯ ಎರಡನೆಯ ಸೆಕ್ಷನ್ನಿನಲ್ಲಿ ಎರಡು ವ್ಯಾಖ್ಯೆಗಳು ನೆರೆಹೊರೆಯಲ್ಲೇ ಇವೆ. ಒಂದರ ಪ್ರಕಾರ, ದೀರ್ಘಕಾಲದ ಊನವು ಸುತ್ತಲಿನ ಅಡೆತಡೆಗಳೊಡನೆ ಸೇರಿ ಯಾರನ್ನು ಉಳಿದವರ ಸಮಕ್ಕೆ ಬಾಳಗೊಡುವುದಿಲ್ಲವೋ ಅವರು ವಿಕಲಚೇತನರು. ಎಂದರೆ ವೈಕಲ್ಯದ ಅರ್ಧಪಾಲು ಮೆಟ್ಟಿಲಲ್ಲಿ, ಬಸ್ಸಿನಲ್ಲಿ, ಊರಿನ ನಡವಳಿಕೆಯಲ್ಲಿದೆ. ಇನ್ನೊಂದು ‘ಮಾನದಂಡದ ವೈಕಲ್ಯ’, ಎಂದರೆ ಪ್ರಮಾಣೀಕರಿಸುವ ಪ್ರಾಧಿಕಾರವು ಶೇ. 40ಕ್ಕೆ ಕಡಿಮೆಯಿಲ್ಲವೆಂದು ಬರೆದುಕೊಟ್ಟ ವೈಕಲ್ಯ. ಸರ್ಕಾರಿ ಹುದ್ದೆಗಳಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲೂ ಬಡತನ ನಿವಾರಣೆಯ ಯೋಜನೆಗಳಲ್ಲೂ ಶೇ. 5ರ ಪಾಲು, ಎಲ್ಲವೂ ಎರಡನೆಯ ವ್ಯಾಖ್ಯೆಯ ಬೀಗದ ಹಿಂದಿವೆ.

ಈ ನಲವತ್ತನ್ನು ಅಳೆಯುವ ಬಗೆಯನ್ನು ತುಸು ನಿಂತು ನೋಡಬೇಕು. ಒಬ್ಬರಲ್ಲೇ ಎರಡು ವೈಕಲ್ಯಗಳಿದ್ದರೆ ಅಂಕಗಳನ್ನು ನೇರವಾಗಿ ಕೂಡಿಸುವುದಿಲ್ಲ. 90ರಿಂದ ದೊಡ್ಡ ಅಂಕವನ್ನು ಕಳೆದು, ಉಳಿದುದನ್ನು ಸಣ್ಣ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದುದನ್ನು ದೊಡ್ಡ ಅಂಕಕ್ಕೆ ಸೇರಿಸುತ್ತಾರೆ. ಕಾಲಿನದು 30, ಕಿವಿಯದು 15 ಆದರೆ ಮೊತ್ತ ಸರಿಯಾಗಿ 40. ಕಿವಿಯದು 12ಕ್ಕೆ ಇಳಿದರೆ ಮೊತ್ತ 38, ಬಾಗಿಲು ಮುಚ್ಚಿತು. ಲೆಕ್ಕ ಕರಾರುವಾಕ್ಕಾಗಿದೆ, ಆದರೆ ಮೊದಲ ವ್ಯಾಖ್ಯೆ ಹೇಳಿದ ಅಡೆತಡೆಗೆ ಅದರಲ್ಲಿ ಒಂದು ಅಂಕವೂ ಇಲ್ಲ. ಮೇಜಿನ ಮುಂದೆ ಕೂತು ದುಡಿಯುವ ಗುಮಾಸ್ತನ ಮೊಣಕಾಲಿಗೂ ರಾಯಚೂರಿನ ಗದ್ದೆಯಲ್ಲಿ ನಾಟಿ ಮಾಡುವ ಕೂಲಿ ಹೆಂಗಸಿನ ಮೊಣಕಾಲಿಗೂ ಸಿಗುವುದು ಒಂದೇ ಅಂಕಿ. ಅವನಿಗೆ ಅದು ಅನಾನುಕೂಲ, ಅವಳಿಗೆ ಅನ್ನದ ಪ್ರಶ್ನೆ. 2011ರ ಜನಗಣತಿ ಎಣಿಸಿದ 2.68 ಕೋಟಿ ವಿಕಲಚೇತನರಲ್ಲಿ ಸುಮಾರು ಶೇ. 69ರಷ್ಟು ಜನ ಹಳ್ಳಿಗಳವರೆಂಬುದನ್ನು ನೆನೆದರೆ, ಈ ಅಳತೆಗೋಲು ಯಾರನ್ನು ಮರೆತಿದೆಯೆಂಬುದು ತಿಳಿಯುತ್ತದೆ.

ಸಂಪನ್ಮೂಲ ಸೀಮಿತವಾದ್ದರಿಂದ ಎಲ್ಲಾದರೂ ಗೆರೆ ಎಳೆಯಲೇಬೇಕೆಂದು ವಾದಿಸುವವರಿದ್ದಾರೆ, ವಾದ ತೀರ ಹುರುಳಿಲ್ಲದ್ದಲ್ಲ. ಹಾಗಾದರೆ ಅದು ಖಜಾನೆಯ ಗೆರೆಯೆಂದು ಒಪ್ಪಿಕೊಳ್ಳಲಿ, ದೇಹದ ಸತ್ಯವೆಂದು ಸಾಧಿಸುವುದೇಕೆ? ಬಡತನ ರೇಖೆಯ ಕೆಳಗಿನವರಿಗೆಂದೇ ಇರುವ ಕೇಂದ್ರದ ಅಂಗವಿಕಲ ಪಿಂಚಣಿ ಶೇ. 80 ಮುಟ್ಟಿದವರನ್ನು ಮಾತ್ರ ಗುರುತಿಸುತ್ತದೆ. ಯೋಜನೆಯಿಂದ ಯೋಜನೆಗೆ ದೇಹ ಬದಲಾಗದು, ಗೆರೆ ಬದಲಾಗುತ್ತದೆ.

ಇತ್ತ ನಮ್ಮ ವಿಮರ್ಶಕರ ಶಾಯಿಯ ಬಹುಭಾಗ ವೆಚ್ಚವಾದದ್ದು ಹೆಸರಿನ ಜಗಳದಲ್ಲಿ. ‘ಅಂಗವಿಕಲ’ ಕೀಳು, ‘ವಿಕಲಚೇತನ’ ಸರಿ, 2015ರಲ್ಲಿ ಪ್ರಧಾನಿ ಸೂಚಿಸಿದ ‘ದಿವ್ಯಾಂಗ’ ಮೇಲೋ ಅವಮಾನವೋ ಎಂದು ವರ್ಷಗಟ್ಟಲೆ ಚರ್ಚಿಸಿದವರು, ಮೂರೂ ಹೆಸರಿನವರು ಹಿಡಿದು ನಿಲ್ಲುವ ಪ್ರಮಾಣಪತ್ರದ ಶೇಕಡಾವಾರಿನ ಕಡೆ ಕಣ್ಣೆತ್ತಲಿಲ್ಲ. ಪದಕ್ಕೆ ಬೆಲೆಯಿಲ್ಲವೆಂದಲ್ಲ, ಪದದ ಮೇಲೆ ಜಗಳವಾಡುವುದು ಅಗ್ಗ.

ವಿಮರ್ಶಕರು ಬಿಟ್ಟ ಓದನ್ನು ಕೊನೆಗೆ ನ್ಯಾಯಾಲಯವೇ ಮಾಡಬೇಕಾಯಿತು. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಪರೀಕ್ಷೆಗೆ ಲಿಪಿಕಾರರನ್ನು ಪಡೆಯಲು ನಲವತ್ತರ ಮಾನದಂಡ ಬೇಕಿಲ್ಲವೆಂದಿತು. 2024ರ ಓಂಕಾರ್ ಗೊಂಡ್ ಪ್ರಕರಣದಲ್ಲಿ ಅದರ ಮುಂದಿದ್ದ ವೈದ್ಯಕೀಯ ಪ್ರವೇಶದ ನಿಯಮದ ಪ್ರಕಾರ, ಮಾತಿನ ವೈಕಲ್ಯವು ಶೇ. 40ಕ್ಕಿಂತ ಕಡಿಮೆಯಿದ್ದರೆ ಮೀಸಲಾತಿ ಇರಲಿಲ್ಲ; ಶೇ. 40 ಅಥವಾ ಹೆಚ್ಚಿದ್ದರೆ ಪ್ರವೇಶವೇ ಇರಲಿಲ್ಲ.