ಅಲ್ಪವಿಶ್ವಾಸ ಯಾರದು? ಒಂದು ಪ್ರಬೋಧನೆಯ ವಿಮರ್ಶೆ

ಅಚ್ಚಾದ ಗ್ರಂಥಗಳನ್ನು ವಿಮರ್ಶಿಸುವ ನಾವು ಪೀಠದಿಂದ ಆಡಿದ ಮಾತನ್ನು ವಿಮರ್ಶೆಗೆ ಒಡ್ಡುವುದು ಅಪರೂಪ. ಬಲಿಪೂಜೆ ಮುಗಿದೊಡನೆ ಅದು ಗಾಳಿಯಲ್ಲಿ ಕರಗಿತೆಂದು ಭಾವಿಸುತ್ತೇವೆ; ಕೇಳಿದವರ ಮನೆಗಳಲ್ಲಿ ಅದು ಬಹುಕಾಲ ಉಳಿದಿರುತ್ತದೆ. ಹಲವು ವರ್ಷಗಳ ಹಿಂದೆ ಕನಕಪುರ ತಾಲೂಕಿನ ಸಾತನೂರು ಸೀಮೆಯ ಧ್ಯಾನಕೂಟವೊಂದರಲ್ಲಿ ನೀಡಲಾದ ಪ್ರಬೋಧನೆಯನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ. ಅದರ ಟಿಪ್ಪಣಿ ನನ್ನ ಬಳಿ ಇದೆ. ಬರೆದವನೂ ಆಡಿದವನೂ ನಾನೇ.

ಆಧಾರವಾಗಿದ್ದುದು ಮತ್ತಾಯ 17:14–20. ಬೆಂಕಿಗೂ ನೀರಿಗೂ ಬೀಳುವ ಮಗನನ್ನು ತಂದೆ ಕರೆತರುತ್ತಾನೆ, ಶಿಷ್ಯರಿಂದ ಗುಣಪಡಿಸಲಾಗುವುದಿಲ್ಲ, ಯೇಸುಸ್ವಾಮಿ ಗುಣಪಡಿಸಿ, ಶಿಷ್ಯರ ಸೋಲಿಗೆ ಅಲ್ಪವಿಶ್ವಾಸವೇ ಕಾರಣವೆನ್ನುತ್ತಾರೆ. ಇದರಿಂದ ನಾನು ತೆಗೆದ ನಿರ್ಣಯ ಹೀಗಿತ್ತು: ವಾಸಿಯಾಗದ ಮನೋವ್ಯಾಧಿಯ ಹಿಂದೆ ಅಲ್ಪವಿಶ್ವಾಸವಿದೆ, ಮಾತ್ರೆಯನ್ನು ನಂಬಿದವನು ದೇವರನ್ನು ಅರ್ಧವಷ್ಟೇ ನಂಬಿದ್ದಾನೆ. ಕೇಳಿದವರಲ್ಲಿ ರೇಷ್ಮೆ ಸಾಕುವ ಮನೆಯ ಯುವಕನೊಬ್ಬನಿದ್ದ. ಬೆಂಗಳೂರಿನಿಂದ ತಂದಿದ್ದ ಮಾತ್ರೆಗಳನ್ನು ಅವನು ಮರುದಿನವೇ ನಿಲ್ಲಿಸಿದ. ಎರಡು ತಿಂಗಳಾಗುವಷ್ಟರಲ್ಲಿ ನಿದ್ರೆ ಹೋಯಿತು. ಹುಳುವಿಗೆ ಸೊಪ್ಪು ಹಾಕುವುದನ್ನೂ ಮರೆತು, ರಾತ್ರಿಯೆಲ್ಲ ಹಿಪ್ಪುನೇರಳೆ ತೋಟದಲ್ಲಿ ಕಾಣದವರೊಡನೆ ಜಗಳವಾಡತೊಡಗಿದ. ಅವನ ತಾಯಿ ನನ್ನನ್ನು ದೂರಲಿಲ್ಲ. “ಸ್ವಾಮಿ, ಇವನಿಗೆ ವಿಶ್ವಾಸ ಸಾಲ್ದು. ಇನ್ನೊಂದ್ಸಲ ಪ್ರಾರ್ಥನೆ ಮಾಡಿಕೊಡಿ” ಎಂದರು. ನನ್ನ ಪ್ರಬೋಧನೆಯನ್ನು ಅವರು ಸರಿಯಾಗಿಯೇ ಗ್ರಹಿಸಿದ್ದರು.

ತಪ್ಪಿದ್ದುದು ನನ್ನ ವಾಚನದಲ್ಲಿ. ಯೇಸು ಆ ಮಾತನ್ನು ಹೇಳಿದ್ದು ಯಾರಿಗೆ? ಏಕಾಂತದಲ್ಲಿ ಬಂದು ಕೇಳಿದ ಶಿಷ್ಯರಿಗೆ. ಹುಡುಗನಿಗಲ್ಲ, ತಂದೆಗೂ ಅಲ್ಲ. ಹುಡುಗನಿಂದ ವಿಶ್ವಾಸವನ್ನು ಯಾರೂ ಕೇಳಲೇ ಇಲ್ಲ. ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ತಂದೆ ತನ್ನ ವಿಶ್ವಾಸದಲ್ಲಿ ಅವಿಶ್ವಾಸವೂ ಬೆರೆತಿದೆಯೆಂದು ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾನೆ. ಆದರೂ ಮಗ ಗುಣವಾಗುತ್ತಾನೆ. ಗುಣಪಡಿಸಲು ಹೊರಟವರ ಮೇಲಿನ ಆಪಾದನೆಯನ್ನು ನಾನು ರೋಗಿಯ ಹೆಗಲಿಗೆ ದಾಟಿಸಿದ್ದೆ.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಹುಡುಗನ ವ್ಯಾಧಿಗೆ ಮತ್ತಾಯನು ಬಳಸುವ ಗ್ರೀಕ್ ಪದದ ಮೂಲಾರ್ಥ ‘ಚಂದ್ರಪೀಡಿತ’. ಹೊಸ ಒಡಂಬಡಿಕೆಯಲ್ಲಿ ಈ ಪದವನ್ನು ಬಳಸುವವನು ಅವನೊಬ್ಬನೇ, ಅದೂ ಎರಡೇ ಬಾರಿ. 4:24ರಲ್ಲಿ ಇಂಥವರನ್ನು ದೆವ್ವಪೀಡಿತರಿಂದ ಬೇರೆಯಾಗಿ ಎಣಿಸುತ್ತಾನೆ; 17:18ರಲ್ಲಿ ದೆವ್ವ ಹೊರಟುಹೋಯಿತೆಂದೂ ಬರೆಯುತ್ತಾನೆ. ಹಾಗಾಗಿ ಇದು ಕೇವಲ ಮೂರ್ಛೆರೋಗವೆನ್ನುವವನಿಗೂ ಕೇವಲ ದೆವ್ವವೆನ್ನುವವನಿಗೂ ಪಾಠವೇ ಅಡ್ಡ ನಿಲ್ಲುತ್ತದೆ. ಅಲ್ಲದೆ ಮೂರ್ಛೆರೋಗವು ನರಮಂಡಲದ ವ್ಯಾಧಿ; ಅಲ್ಲಿಂದ ಖಿನ್ನತೆಗೂ ಚಿತ್ತವಿಕಲತೆಗೂ ನಾನು ಒಂದೇ ನೆಗೆತದಲ್ಲಿ ಹಾರಿದ್ದೆ.

ಧರ್ಮಸಭೆ ಈ ವಿಷಯದಲ್ಲಿ ನನಗಿಂತ ಎಚ್ಚರಿಕೆಯಿಂದಿತ್ತು. 1614ರ ರೋಮನ್ ವಿಧಿಗ್ರಂಥವೇ, ಯಾರನ್ನೂ ಸುಲಭವಾಗಿ ದೆವ್ವಪೀಡಿತರೆಂದು ನಂಬಬಾರದು, ಕಪ್ಪುಪಿತ್ತದಿಂದಲೋ ರೋಗದಿಂದಲೋ ನರಳುವವರನ್ನು ಬೇರೆಯಾಗಿ ಗುರುತಿಸಬೇಕು ಎಂದು ಗುರುಗಳಿಗೆ ವಿಧಿಸಿತ್ತು. ಮನೋವೈದ್ಯಶಾಸ್ತ್ರವೆಂಬ ಹೆಸರೇ ಇಲ್ಲದ ಕಾಲವದು! 1999ರಲ್ಲಿ ಪ್ರಕಟವಾದ ಪರಿಷ್ಕೃತ ವಿಧಿಯು ಅಗತ್ಯವಿದ್ದಲ್ಲಿ ವೈದ್ಯರನ್ನೂ ಮನೋವೈದ್ಯರನ್ನೂ ಕೇಳಿ ತಿಳಿಯಬೇಕೆನ್ನುತ್ತದೆ. 1172ನೆಯ ಧರ್ಮಶಾಸನದಂತೆ ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಭೂತೋಚ್ಚಾಟನೆ ಸಲ್ಲದು. ಸಿರಾಖನ 38ನೆಯ ಅಧ್ಯಾಯದಲ್ಲಿ ರೋಗಿಯು ಪ್ರಾರ್ಥಿಸಿ, ಪಶ್ಚಾತ್ತಾಪಪಟ್ಟು, ಬಳಿಕ ವೈದ್ಯನಿಗೂ ಎಡೆಮಾಡಿಕೊಡುತ್ತಾನೆ.

ಒಂದು ಆಕ್ಷೇಪವನ್ನು ಗಂಭೀರವಾಗಿ ಪರಿಗಣಿಸಬೇಕು: ಎಲ್ಲವನ್ನೂ ಆಸ್ಪತ್ರೆಗೆ ಒಪ್ಪಿಸಿದರೆ ದೇವಾಲಯಕ್ಕೆ ಉಳಿಯುವುದೇನು? ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಮಿಳುನಾಡಿನ ಹಿಂದೂ ದೇವಸ್ಥಾನವೊಂದರ ಕುರಿತು ಬರೆದರು. ಅಲ್ಲಿ ತಂಗಿದ್ದ ಮನೋರೋಗಿಗಳ ಲಕ್ಷಣಗಳು ಸುಮಾರು ನೂರಕ್ಕೆ 20ರಷ್ಟು ಇಳಿದಿದ್ದವು. ಆದರಿಸುವ ಪವಿತ್ರ ಸ್ಥಳಕ್ಕೆ ಬಲವಿದೆ. ಅದೇ ತಮಿಳುನಾಡಿನ ಎರ್ವಾಡಿಯಲ್ಲಿ, ಹರಕೆಯ ಭರವಸೆಯಿಂದ ಕುಟುಂಬಗಳು ಬಿಟ್ಟುಹೋದ ರೋಗಿಗಳನ್ನು ಖಾಸಗಿ ಆಶ್ರಯವೊಂದರಲ್ಲಿ ಸರಪಳಿಯಿಂದ ಕಟ್ಟಿಹಾಕಲಾಗಿತ್ತು. 2001ರ ಆಗಸ್ಟ್ 6ರ ಬೆಂಕಿಯಲ್ಲಿ 28 ಮಂದಿ ಸತ್ತರು. ಇವನ್ನು ಪರಧರ್ಮದವರ ಕಥೆಯೆಂದು ಬದಿಗಿಡಲಾಗದು. ಪ್ರಾರ್ಥನೆ ಎರಡೂ ಕಡೆ ಇತ್ತು. ನನ್ನ ಪ್ರಬೋಧನೆಯಲ್ಲಿ ಸರಪಳಿ ಇರಲಿಲ್ಲ; ವೈದ್ಯನ ಬಾಗಿಲನ್ನು ಮುಚ್ಚಿದ್ದು ಮಾತ್ರ ನಿಜ.

ಆ ಬಾಗಿಲು ದೂರದ್ದೂ ಆಗಿರಲಿಲ್ಲ. ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ನಿಮ್ಹಾನ್ಸ್ 1970ರ ದಶಕದಲ್ಲೇ ಹಳ್ಳಿಗರಿಗಾಗಿ ಮಾನಸಿಕ ಆರೋಗ್ಯದ ಕೆಲಸ ಆರಂಭಿಸಿತ್ತು. 1985ರಲ್ಲಿ ಬಳ್ಳಾರಿಯಲ್ಲಿ ಜಿಲ್ಲಾ ಮಟ್ಟದ ಪ್ರಯೋಗವೂ ನಡೆಯಿತು. ಹಾಗಿದ್ದೂ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೆಚ್ಚಿನ ಮನೋವ್ಯಾಧಿಗಳಿಗೆ ನೂರರಲ್ಲಿ 70ಕ್ಕೂ ಹೆಚ್ಚು ಮಂದಿ ಚಿಕಿತ್ಸೆ ಪಡೆದಿರಲಿಲ್ಲ.

ಗುರುಮಠದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ತಿಂಗಳುಗಟ್ಟಲೆ ನಿದ್ರೆಯಿಲ್ಲದಿದ್ದರೂ ಹೇಳಿಕೊಳ್ಳದಿರುವವರು ನಿಮ್ಮಲ್ಲಿದ್ದಾರೆ. 1041ನೆಯ ಧರ್ಮಶಾಸನ ದೀಕ್ಷೆಗೆ ಅಡ್ಡಿಯಾದೀತೆಂಬ ಭಯ. ಶಾಸನವನ್ನು ಪೂರ್ತಿ ಓದಿರಿ. ಅದು ವ್ಯಾಧಿಯ ಹೆಸರಿಗೆ ಅಡ್ಡಿಯೊಡ್ಡುವುದಿಲ್ಲ. ತಜ್ಞರನ್ನು ಕೇಳಿದ ಮೇಲೆ, ಸೇವೆ ನಿರ್ವಹಿಸಲು ಅಸಮರ್ಥರೆಂದು ನಿರ್ಣಯವಾದವರಿಗೆ ಮಾತ್ರ ಅದು ಅನ್ವಯ. ದೀಕ್ಷೆಯಾದವರ ವಿಷಯದಲ್ಲಿ 1044ನೆಯ ಶಾಸನವು, ತಜ್ಞರ ಅಭಿಪ್ರಾಯ ಪಡೆದು ಸೇವೆಗೆ ಮರಳಿಸುವ ಅಧಿಕಾರವನ್ನು ಧರ್ಮಾಧ್ಯಕ್ಷರಿಗೆ ಕೊಡುತ್ತದೆ.

ಆ ಯುವಕನನ್ನು ಕೊನೆಗೆ ನಾನೇ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ದೆ. ಚೇತರಿಸಿಕೊಳ್ಳಲು ವರ್ಷವೇ ಹಿಡಿಯಿತು. ಎರಡು ಬೆಳೆ ಗೂಡು ಕೈತಪ್ಪಿದವು. ಅದೇ ಶುಭಸಂದೇಶ ಪಾಠ ಪ್ರತಿ ವರ್ಷ ಸಾಧಾರಣ ಕಾಲದ 18ನೆಯ ವಾರದ ಶನಿವಾರ ಬರುತ್ತದೆ. ಈ ಸಲ ಅಲ್ಪವಿಶ್ವಾಸದ ಮಾತನ್ನು ಮೊದಲು ನನಗೆ ನಾನೇ ಹೇಳಿಕೊಂಡು, ಮಾತ್ರೆ ನುಂಗುವವರು ನಿಲ್ಲಿಸಬಾರದೆಂದು ಹೇಳಿ, ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಎರಡು ಬಾರಿ ಓದಿದೆ. ಬೆಳಗಿನ ಪೂಜೆಗೆ ಬಂದಿದ್ದವರು ಹದಿನಾಲ್ಕು ಮಂದಿ. ಒಬ್ಬರು ಹೊರಗೆ ಕಾದಿದ್ದು, ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದರು.